ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ, ಚಲನೆಯ ಮೂರು ನಿಯಮ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನ್ಯೂಟನ್ ಸುತ್ತಲೇ ಇವೆ. ಕೆಲವರಿಗೆ ಅವನ ವಿದ್ಯಾರ್ಥಿ ದಿನಗಳ ಬಗ್ಗೆ ಕುತೂಹಲ. ಕೆಲವರಿಗೆ ಅವನ ನಿಯಮಗಳೇ ತಲೆನೋವು. ಭೌತಶಾಸ್ತ್ರ ಪಾಠ ಹೇಳಿಕೊಂಡೇ ಬಂದವಳು ನಾನು, ನನಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟಗಳನ್ನು ಪೂರ್ತಿ ಅವನಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ನ್ಯೂಟನ್ ಕಾಲೇಜಿನಲ್ಲಿ ಶ್ರೀಮಂತ ಹುಡುಗರ ಚಾಕರಿ ಮಾಡಿಕೊಂಡು ಓದಿದ ಎಂದು ಕೇಳಿದ್ದೇನೆ. ನಿಜವೇ? ಅವನ ಮನೆಯವರು ಅಷ್ಟೊಂದು ಬಡವರಾಗಿದ್ದರೇ? (ಪದವಿ ವಿದ್ಯಾರ್ಥಿನಿ)

ಉತ್ತರ: ಚಾಕರಿಯವನಾಗಿ ಸೇರಿದ್ದು ನಿಜ. ಮನೆಯಲ್ಲಿ ಬಡತನ ಇತ್ತು ಅನ್ನುವುದು ನಿಜ ಅಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಆ ಹುಡುಗನ ಪರಿಸ್ಥಿತಿ ಅರ್ಥವಾಗುತ್ತದೆ.

ಅವನು ಹುಟ್ಟಿದ್ದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ವುಲ್ಸ್‌ಥಾರ್ಪ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಲ್ಲಿನ ಆಗಿನ ಕ್ಯಾಲೆಂಡರ್ ಪ್ರಕಾರ 1642ರ ಕ್ರಿಸ್‌ಮಸ್ ದಿನ. ಅಪ್ಪ ಆಗಲೇ ತೀರಿಕೊಂಡಿದ್ದ. ಆ ಅಪ್ಪನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಮಗುವಿಗೆ ಮೂರು ವರ್ಷವಾದಾಗ ಅಮ್ಮ ಹ್ಯಾನಾ, ಬರ್ನಬಸ್ ಸ್ಮಿತ್ ಎಂಬ ವಯಸ್ಸಾದ ಪಾದ್ರಿಯನ್ನು ಮದುವೆಯಾಗಿ ಹತ್ತಿರದ ಊರಿಗೆ ಹೋದಳು. ಮಗು ಅಜ್ಜಿಯ ಹತ್ತಿರ ಉಳಿಯಿತು. ಪಾದ್ರಿ 1653ರಲ್ಲಿ ಸತ್ತ ಮೇಲೆ ಅಮ್ಮ ವಾಪಸ್ ಬಂದಳು. ಜಮೀನು, ಕುರಿ, ಎರಡನೇ ಗಂಡ ಬಿಟ್ಟುಹೋದ ಆಸ್ತಿ, ಎಲ್ಲ ಸೇರಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ.

ಮಗ ಹೊಲ ಮನೆ ನೋಡಿಕೊಂಡು ಇರಲಿ ಅನ್ನುವುದು ಅವಳ ಆಸೆ. ಹದಿನೇಳರ ಹೊತ್ತಿಗೆ ಅವನನ್ನು ಗ್ರಾಂಥಮ್ ಶಾಲೆಯಿಂದ ಬಿಡಿಸಿ ಮನೆಗೆ ಕರೆಸಿಕೊಂಡಳು. ಆದರೆ ಹುಡುಗನ ಮನಸ್ಸು ಪುಸ್ತಕದಲ್ಲಿ. ಕುರಿಗಳು ಪಕ್ಕದವರ ಹೊಲಕ್ಕೆ ನುಗ್ಗುತ್ತಿದ್ದವು. ಅದಕ್ಕಾಗಿ 1659ರಲ್ಲಿ ಅವನಿಗೆ ದಂಡ ಬಿದ್ದದ್ದು ದಾಖಲೆಯಲ್ಲೇ ಇದೆ. ಕೊನೆಗೆ ಸೋದರಮಾವ ವಿಲಿಯಂ ಆಯ್ಸ್‌ಕೊ, ಶಾಲೆಯ ಮೇಷ್ಟ್ರು ಹೆನ್ರಿ ಸ್ಟೋಕ್ಸ್, ಇಬ್ಬರೂ ಸೇರಿ ಅಮ್ಮನನ್ನು ಒಪ್ಪಿಸಿದರು. ಮೇಷ್ಟ್ರು ತಮಗೆ ಬರಬೇಕಾದ ಶುಲ್ಕವನ್ನೂ ಬಿಟ್ಟುಕೊಟ್ಟರಂತೆ. ನ್ಯೂಟನ್ ಕಥೆ ಹೇಳುವವರು ಈ ಮೇಷ್ಟ್ರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಅಲ್ಲೇ ನಿಲ್ಲಬೇಕು ಅನಿಸುತ್ತದೆ. ಆ ಒಬ್ಬರು ಹಟ ಹಿಡಿಯದಿದ್ದರೆ ಹುಡುಗ ಊರು ಬಿಡುತ್ತಲೇ ಇರಲಿಲ್ಲವೇನೋ.

1661ರ ಜೂನ್ ಮೊದಲ ವಾರ ಅವನು ಕೇಂಬ್ರಿಜ್‌ಗೆ ಹೊರಟ. ಸುಮಾರು ನೂರು ಕಿಲೋಮೀಟರ್ ದಾರಿ. ಸ್ಯೂಸ್ಟರ್ನ್, ಸ್ಟಿಲ್ಟನ್ ಮೂಲಕ ಹೋಗಿ ಜೂನ್ 4ಕ್ಕೆ ಊರು ಮುಟ್ಟಿದ. ಮಾರನೇ ದಿನ ಟ್ರಿನಿಟಿ ಕಾಲೇಜಿಗೆ ಸೇರಿದ. ಮೊದಮೊದಲು ಕೊಂಡ ಸಾಮಾನಿನ ಲೆಕ್ಕ ಅವನ ಕೈಬರಹದಲ್ಲೇ ಉಳಿದಿದೆ. ಮೇಜಿಗೆ ಒಂದು ಬೀಗ, ಶಾಯಿ ಬಾಟಲಿ, ಅದಕ್ಕೆ ತುಂಬಲು ಶಾಯಿ, ಒಂದು ನೋಟ್‌ಬುಕ್, ಒಂದು ಪೌಂಡ್ ಮೇಣದಬತ್ತಿ, ರಾತ್ರಿ ಮೂತ್ರಕ್ಕೆ ಒಂದು ಪಾತ್ರೆ. ಈ ಪಟ್ಟಿ ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಬೀಗದ ಮೇಲೆ, ಮೇಣದಬತ್ತಿಯ ಮೇಲೆ. ಬರೆದದ್ದನ್ನು ಯಾರೂ ನೋಡಬಾರದು, ರಾತ್ರಿ ಓದಲು ಬೆಳಕು ಬೇಕು. ಹದಿನೆಂಟರ ಹುಡುಗ ಬಂದ ಕೂಡಲೇ ಯೋಚಿಸಿದ್ದು ಇದನ್ನು.

ಸೇರಿದ್ದು ಸಬ್‌ಸೈಜರ್ ಆಗಿ. ಅದು ಕಾಲೇಜಿನ ಏಣಿಯಲ್ಲಿ ತೀರಾ ಕೆಳಗಿನ ಮೆಟ್ಟಿಲು. ಸೈಜರ್, ಸಬ್‌ಸೈಜರ್ ಹುಡುಗರು ಓದಿನ ಖರ್ಚು ಕಳೆಯಲು ಕಾಲೇಜಿನ ಫೆಲೋಗಳಿಗೆ (ಕಾಲೇಜಿನ ಹಿರಿಯ ವಿದ್ವಾಂಸರಿಗೆ), ಹಣವಂತ ವಿದ್ಯಾರ್ಥಿಗಳಿಗೆ ಕೆಲಸ ಮಾಡಿಕೊಡಬೇಕಿತ್ತು. ಬೆಳಗಿನ ಪ್ರಾರ್ಥನೆಗೆ ಎಬ್ಬಿಸುವುದು, ಬೂಟು ಒರೆಸುವುದು, ಬ್ರೆಡ್ಡು ಬಿಯರ್ ತಂದುಕೊಡುವುದು, ರಾತ್ರಿಯ ಪಾತ್ರೆ ಖಾಲಿ ಮಾಡುವುದು, ಊಟಕ್ಕೆ ಬಡಿಸುವುದು. ತಮ್ಮ ಊಟ ಆಮೇಲೆ, ಬಹಳ ಸಲ ಉಳಿದದ್ದರಲ್ಲಿ. ಇಲ್ಲೊಂದು ಮಾತು ಸೇರಿಸಬೇಕು. ನ್ಯೂಟನ್ ಸೇರಿದ್ದು ಹಂಫ್ರಿ ಬ್ಯಾಬಿಂಗ್ಟನ್ ಎಂಬ ಫೆಲೋ ಕೈಕೆಳಗೆ ಇರಬಹುದು ಎಂದು ಇತಿಹಾಸಕಾರರ ಅಂದಾಜು. ಆತ ವರ್ಷದಲ್ಲಿ ಕೆಲವೇ ವಾರ ಕಾಲೇಜಿನಲ್ಲಿ ಇರುತ್ತಿದ್ದ. ಹಾಗಿದ್ದರೆ ಮೈ ಮುರಿಯುವ ಕೆಲಸ ಅಷ್ಟೊಂದು ಇರಲಿಲ್ಲ. ಆದರೆ ಸ್ಥಾನ ಮಾತ್ರ ಆಳಿನದೇ. ಮನೆಯಲ್ಲಿ ಆಳುಗಳನ್ನು ಇಟ್ಟುಕೊಂಡಿದ್ದ ಕುಟುಂಬದ ಹುಡುಗನಿಗೆ ಇದು ಹೇಗನಿಸಿರಬೇಡ?

ಅಮ್ಮ ಕೈ ಬಿಗಿ ಹಿಡಿದದ್ದಕ್ಕೆ ಕಾರಣ ಊಹಿಸಬಹುದು. ಅವಳಿಗೆ ಈ ಓದಿನಲ್ಲಿ ನಂಬಿಕೆ ಇರಲಿಲ್ಲ. ಮನೆಯಲ್ಲಿ ದುಡ್ಡಿದ್ದೂ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಯ ಕಷ್ಟವೇ ಬೇರೆ. ಅವನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಲೆಕ್ಕವೂ ಸಿಗುತ್ತದೆ. ಜೊತೆಯ ಹುಡುಗರಿಗೆ ಸಣ್ಣಪುಟ್ಟ ಸಾಲ ಕೊಟ್ಟದ್ದು, ವಾಪಸ್ ಬಂದ ಮೇಲೆ ಆ ಸಾಲಿನ ಮೇಲೆ ಅಡ್ಡಗೀಟು ಹಾಕಿದ್ದು. ಒಂದೊಂದು ಪೆನ್ನಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

1664ರ ಏಪ್ರಿಲ್‌ನಲ್ಲಿ ಅವನಿಗೆ ಕಾಲೇಜಿನ ಸ್ಕಾಲರ್‌ಶಿಪ್ ಸಿಕ್ಕಿತು. ಅಂಥ ಆಯ್ಕೆ ವರ್ಷ ವರ್ಷವೂ ನಡೆಯುತ್ತಿರಲಿಲ್ಲ. ಊಟ ಕಾಲೇಜಿನದು, ಸ್ವಲ್ಪ ಭತ್ಯೆ, ಎಂ.ಎ. ಮುಗಿಸುವವರೆಗೆ ಉಳಿಯುವ ಹಕ್ಕು. ಆಳಿನ ಸ್ಥಾನ ಮುಗಿಯಿತು. ಇದರ ಮುಂದಿನ ಒಂದು ವರ್ಷದೊಳಗೆ ಚಲನೆಯ ಬಗ್ಗೆ ಅವನ ಮೊದಲ ಗಟ್ಟಿ ಬರಹ ಶುರುವಾಗುತ್ತದೆ. ಇದು ಕಾಕತಾಳೀಯ ಎಂದು ನಾನು ಒಪ್ಪುವುದಿಲ್ಲ. ಓದುವ ಹುಡುಗನಿಗೆ ದುಡ್ಡು ಕೊಡುವುದು ಎಂದರೆ ಸಮಯ ಕೊಡುವುದು.

ಪ್ರಶ್ನೆ: ಮೊದಲನೇ ನಿಯಮ ಓದಿದಾಗಲೆಲ್ಲ ಅನುಮಾನ ಬರುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದರೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ತಳ್ಳುತ್ತಾ ಇದ್ದರೆ ಮಾತ್ರ ಓಡುತ್ತದೆ. ಹಾಗಾದರೆ ಓಡುವ ವಸ್ತು ಓಡುತ್ತಲೇ ಇರುತ್ತದೆ ಎಂಬುದು ಬರೀ ಪುಸ್ತಕದ ಮಾತಲ್ವಾ? (ಪ್ರೌಢಶಾಲೆ ಓದುಗ)

ಉತ್ತರ: ನಿಮ್ಮ ಅನುಮಾನ ಎರಡು ಸಾವಿರ ವರ್ಷ ದೊಡ್ಡ ದೊಡ್ಡವರ ಅಭಿಪ್ರಾಯವಾಗಿತ್ತು. ಅರಿಸ್ಟಾಟಲ್ ಹೇಳಿದ್ದೂ ಇದನ್ನೇ. ಓಡಬೇಕಾದರೆ ಯಾರಾದರೂ ಓಡಿಸುತ್ತಾ ಇರಬೇಕು. ಹಾಗಾದರೆ ಕೈ ಬಿಟ್ಟ ಕಲ್ಲು ಮುಂದೆ ಹೋಗುವುದು ಹೇಗೆ? ಅದನ್ನು ಗಾಳಿ ತಳ್ಳುತ್ತದೆ ಎಂದ. ನ್ಯೂಟನ್ ಓದುವಾಗಲೂ ಕೇಂಬ್ರಿಜ್‌ನ ಪಠ್ಯದಲ್ಲಿ ಇದ್ದದ್ದು ಅರಿಸ್ಟಾಟಲ್‌ನೇ.

ಹುಡುಗ ಪಠ್ಯವನ್ನು ಅರ್ಧಕ್ಕೇ ಬಿಟ್ಟ. 1664ರ ಸುಮಾರಿಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳಿಗೆ ಜಾಗ ಮಾಡಿಕೊಂಡ. ಸಮಯ, ಬೆಳಕು, ಬಣ್ಣ, ಉಬ್ಬರ ಇಳಿತ, ಹೀಗೆ 45 ತಲೆಬರಹ. ಪ್ಲೇಟೊ ನನ್ನ ಗೆಳೆಯ, ಅರಿಸ್ಟಾಟಲ್ ನನ್ನ ಗೆಳೆಯ, ಆದರೆ ಸತ್ಯ ಅದಕ್ಕಿಂತ ದೊಡ್ಡ ಗೆಳೆಯ ಎಂಬ ಹಳೆಯ ಮಾತನ್ನು ಲ್ಯಾಟಿನ್‌ನಲ್ಲಿ ಮೇಲೆ ಬರೆದುಕೊಂಡ. ಅದರಲ್ಲಿ ಒಂದು ತಲೆಬರಹ ಎಸೆದ ವಸ್ತುವಿನ ಚಲನೆಯದು. ಗಾಳಿ ತಳ್ಳುತ್ತದೆ ಎಂಬ ಮಾತನ್ನು ಅಲ್ಲಿ ಅವನು ತಳ್ಳಿಹಾಕುತ್ತಾನೆ. ಆದರೆ ಉತ್ತರ ಇನ್ನೂ ಸಿಕ್ಕಿಲ್ಲ. ವಸ್ತುವಿನ ಒಳಗೇ ಏನೋ ಇದೆ, ಅದು ಒಯ್ಯುತ್ತದೆ ಎಂಬಲ್ಲಿಗೆ ನಿಲ್ಲುತ್ತಾನೆ. ಅಂದರೆ ನ್ಯೂಟನ್‌ಗೂ ಮೊದಲನೇ ನಿಯಮ ಒಂದೇ ಏಟಿಗೆ ದಕ್ಕಲಿಲ್ಲ.

ದಾರಿಯನ್ನು ಬೇರೆಯವರು ಅರ್ಧ ಸವೆಸಿದ್ದರು. ಗೆಲಿಲಿಯೊ ಎರಡು ಇಳಿಜಾರುಗಳನ್ನು ಎದುರು ಬದುರು ಇಟ್ಟು ಯೋಚಿಸಿದ. ಒಂದರಿಂದ ಉರುಳಿದ ಗುಂಡು ಇನ್ನೊಂದರಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ ಏರುತ್ತದೆ. ಎರಡನೇ ಇಳಿಜಾರನ್ನು ತಗ್ಗಿಸಿದರೆ ಆ ಎತ್ತರ ಮುಟ್ಟಲು ಜಾಸ್ತಿ ದೂರ ಹೋಗಬೇಕು. ಇನ್ನೂ ತಗ್ಗಿಸಿದರೆ ಇನ್ನೂ ದೂರ. ಪೂರ್ತಿ ಮಟ್ಟಸ ಮಾಡಿದರೆ? ಏರಲು ಎತ್ತರವೇ ಇಲ್ಲ. ಅಂದ ಮೇಲೆ ನಿಲ್ಲಲು ಕಾರಣವೂ ಇಲ್ಲ. ಆಮೇಲೆ ಡೆಕಾರ್ಟ್ 1644ರ ತನ್ನ ಪುಸ್ತಕದಲ್ಲಿ ಇದಕ್ಕೆ ನೇರ ಗೆರೆಯ ಮಾತನ್ನು ಸೇರಿಸಿದ. ತಾನಾಗಿ ಬಿಟ್ಟರೆ ವಸ್ತು ಹೋಗುವುದು ನೆಟ್ಟಗೆ, ಸುತ್ತು ಹಾಕಿಕೊಂಡು ಅಲ್ಲ.

ನ್ಯೂಟನ್ ಇವನ್ನು ಓದಿ, ತನ್ನದಾಗಿ ಮಾಡಿಕೊಂಡು ಬರೆದದ್ದು ಯಾವುದರಲ್ಲಿ ಗೊತ್ತಾ? ಮಲತಂದೆ ಪಾದ್ರಿಯ ದಪ್ಪ ನೋಟ್‌ಬುಕ್ಕಿನಲ್ಲಿ. ಪಾದ್ರಿ ಅದರಲ್ಲಿ ಧರ್ಮಶಾಸ್ತ್ರದ ಟಿಪ್ಪಣಿ ಬರೆಯಲು ಹೊರಟು, ತಲೆಬರಹ ಹಾಕಿ, ಬಹುಪಾಲು ಹಾಳೆ ಖಾಲಿ ಬಿಟ್ಟಿದ್ದ. ಆ ಕಾಲದಲ್ಲಿ ಕಾಗದ ದುಬಾರಿ. ಹುಡುಗ ಆ ಖಾಲಿ ಹಾಳೆಗಳನ್ನು ಬಿಡಲಿಲ್ಲ. ಅದು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ವಸ್ತುಗಳು ಡಿಕ್ಕಿ ಹೊಡೆದಾಗ ಏನಾಗುತ್ತದೆ ಎಂದು 1665ರ ಆರಂಭದಿಂದ ಅವನು ಅಲ್ಲಿ ಬರೆಯುತ್ತಾ ಹೋದ. ಹೊರಗಿನ ಕಾರಣ ತಡೆಯದಿದ್ದರೆ ಚಲಿಸುವುದು ಎಂದೂ ನಿಲ್ಲುವುದಿಲ್ಲ, ಹೊರಗಿನ ಕಾರಣ ತಿರುಗಿಸದಿದ್ದರೆ ಅದೇ ನೇರ ಗೆರೆಯಲ್ಲಿ ಅದೇ ವೇಗದಲ್ಲಿ ಹೋಗುತ್ತದೆ ಎಂಬ ಅರ್ಥದ ಸಾಲುಗಳು ಅಲ್ಲಿವೆ. ಮುದ್ರಣವಾಗಲು ಇನ್ನೂ 22 ವರ್ಷ ಇತ್ತು.

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ಅದು ತಾನಾಗಿ ನಿಲ್ಲಲಿಲ್ಲ. ಮೇಜು ಅದನ್ನು ನಿಲ್ಲಿಸಿತು. ತಳ್ಳುವ ಕೈ ನಿಮ್ಮ ಕಣ್ಣಿಗೆ ಕಂಡಿತು, ತಡೆಯುವ ಘರ್ಷಣೆ ಕಾಣಲಿಲ್ಲ. ನೀವು ಸಮವೇಗದಲ್ಲಿ ತಳ್ಳುತ್ತಾ ಇರುವಾಗ ನಿಮ್ಮ ಬಲ ಪುಸ್ತಕವನ್ನು ಓಡಿಸುತ್ತಿಲ್ಲ. ಘರ್ಷಣೆಗೆ ಸರಿಸಮ ನಿಂತು ಅದನ್ನು ಅಳಿಸುತ್ತಿದೆ, ಅಷ್ಟೇ. ಘರ್ಷಣೆ ಇಲ್ಲದ ಕಡೆ ನೋಡಬೇಕೆಂದರೆ ವಾಯೇಜರ್ 1 ನೌಕೆಯನ್ನು ನೋಡಿ. 1977ರಲ್ಲಿ ಹಾರಿಸಿದ್ದು. ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಹಿಂದಿನಿಂದ ಯಾವ ಎಂಜಿನ್ನೂ ತಳ್ಳುತ್ತಿಲ್ಲ. ಸೂರ್ಯನ ಸೆಳೆತವೊಂದು ಅದನ್ನು ಚೂರು ಚೂರೇ ನಿಧಾನ ಮಾಡುತ್ತಿದೆ. ಚಲನೆಗೆ ಕಾರಣ ಬೇಕಿಲ್ಲ, ಚಲನೆ ಬದಲಾಗಲು ಕಾರಣ ಬೇಕು. ಮೊದಲನೇ ನಿಯಮದಲ್ಲಿ ಇರುವುದು ಇಷ್ಟೇ, ಆದರೆ ಅದನ್ನು ಒಪ್ಪಲು ನಮ್ಮ ಕೈ ಕಾಲುಗಳ ದಿನದಿನದ ಅನುಭವವನ್ನೇ ಪಕ್ಕಕ್ಕೆ ಇಡಬೇಕು.

ಪ್ರಶ್ನೆ: ವೇಗದ ಬದಲಾವಣೆ ಬಲಕ್ಕೆ ತಕ್ಕಷ್ಟು ಎನ್ನುತ್ತದೆ ಎರಡನೇ ನಿಯಮ. ಬಲ ಸೊನ್ನೆಯಾದರೆ ವೇಗ ಬದಲಾಗುವುದಿಲ್ಲ ಎಂದು ಅದರಿಂದಲೇ ಬರುತ್ತದೆ. ಮತ್ತೆ ಮೊದಲನೆಯದು ಬೇರೆ ಯಾಕೆ? (ಪಿಯುಸಿ ವಿದ್ಯಾರ್ಥಿ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಚಲಿಸುತ್ತಿರುವ ಬಸ್ಸು ಗಕ್ಕನೆ ಬ್ರೇಕ್ ಹಾಕಿತು ಎಂದುಕೊಳ್ಳಿ. ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅವರನ್ನು ಮುಂದಕ್ಕೆ ಯಾರೂ ತಳ್ಳಲಿಲ್ಲ. ರಸ್ತೆಯಿಂದ ನೋಡಿದರೆ ವಿಷಯ ಸರಳ. ಬಸ್ಸು ನಿಧಾನವಾಯಿತು, ಜನ ಮೊದಲಿನ ವೇಗದಲ್ಲೇ ಹೋದರು. ಆದರೆ ಬಸ್ಸಿನ ಒಳಗೆ ಕೂತು, ಬಸ್ಸೇ ನಿಂತಿದೆ ಎಂದುಕೊಂಡು ಲೆಕ್ಕ ಹಾಕಿದರೆ, ಬಲವೇ ಇಲ್ಲದೆ ಜನಕ್ಕೆ ವೇಗ ಬಂದ ಹಾಗೆ ಕಾಣುತ್ತದೆ. ಅಲ್ಲಿ ಎರಡನೇ ನಿಯಮ ಹಾಗೇ ಹಾಕಿದರೆ ಲೆಕ್ಕ ತಪ್ಪುತ್ತದೆ. ಎಲ್ಲಿ ನಿಂತು ಅಳೆದರೆ ಎರಡನೇ ನಿಯಮ ನಡೆಯುತ್ತದೆ ಎಂದು ಹೇಳುವುದೇ ಮೊದಲನೇ ನಿಯಮದ ಕೆಲಸ. ನ್ಯೂಟನ್ ಇದನ್ನು ಇದೇ ಮಾತಿನಲ್ಲಿ ಹೇಳಲಿಲ್ಲ. ಈ ಓದು ಆಮೇಲೆ ಬಂದವರದು. ಪರೀಕ್ಷೆಗೆ ಇದು ಬರುವುದು ಕಡಿಮೆ. ಆದರೂ ತಲೆಯಲ್ಲಿ ಇರಲಿ.

ಪ್ರಶ್ನೆ: ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಇದನ್ನು ನ್ಯೂಟನ್ ಯಾವಾಗ ಬರೆದ?

ಉತ್ತರ: ಈ ರೂಪದಲ್ಲಿ ಅವನು ಬರೆಯಲೇ ಇಲ್ಲ. 1687ರ ಪ್ರಿನ್ಸಿಪಿಯಾ ಎಂಬ ಅವನ ಪುಸ್ತಕದಲ್ಲಿ ಎರಡನೇ ನಿಯಮವಾಗಿ ಇರುವುದು ಸಮೀಕರಣ ಅಲ್ಲ, ವಾಕ್ಯ. ಚಲನೆಯಲ್ಲಿ ಆಗುವ ಬದಲಾವಣೆ ಹಾಕಿದ ಬಲಕ್ಕೆ ತಕ್ಕಷ್ಟು ಇರುತ್ತದೆ, ಬಲ ಯಾವ ದಿಕ್ಕಿಗೋ ಬದಲಾವಣೆಯೂ ಆ ದಿಕ್ಕಿಗೇ. ಇಲ್ಲಿ ಚಲನೆ ಎಂದರೆ ನಾವು ಈಗ ಸಂವೇಗ ಅನ್ನುವುದು, ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ. ನೀವು ಬರೆದ ರೂಪಕ್ಕೆ ತಂದವನು 18ನೇ ಶತಮಾನದ ನಡುವಿನಲ್ಲಿ ಗಣಿತಜ್ಞ ಆಯ್ಲರ್.

ನನಗೆ ಸಂವೇಗದ ರೂಪವೇ ಹೆಚ್ಚು ಇಷ್ಟ, ಯಾಕೆಂದರೆ ಅದರಲ್ಲಿ ಸಮಯ ಕಣ್ಣಿಗೆ ಕಾಣುತ್ತದೆ. 60 ಕಿಲೋ ತೂಗುವ ವ್ಯಕ್ತಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರಿನಲ್ಲಿದ್ದಾನೆ. ಸೆಕೆಂಡಿಗೆ ಸುಮಾರು 16.7 ಮೀಟರ್. ಸಂವೇಗ ಸುಮಾರು 1000. ಅವನು ನಿಲ್ಲಬೇಕಾದರೆ ಈ 1000 ಪೂರ್ತಿ ಸೊನ್ನೆಯಾಗಬೇಕು. ಒಂದು ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 1000 ನ್ಯೂಟನ್ (ಬಲ ಅಳೆಯುವ ಮಾನಕ್ಕೂ ಅವನದೇ ಹೆಸರು). ಸುಮಾರು 100 ಕಿಲೋ ಭಾರ ಒತ್ತಿದ ಹಾಗೆ, ತಡೆದುಕೊಳ್ಳಬಹುದು. ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ 10,000 ನ್ಯೂಟನ್. ಒಂದು ಟನ್ ಭಾರ! ಸೀಟ್ ಬೆಲ್ಟ್, ಏರ್‌ಬ್ಯಾಗ್ ಮಾಡುವುದು ಇದನ್ನೇ. ನಿಲ್ಲುವ ಸಮಯವನ್ನು ಹಿಗ್ಗಿಸುತ್ತವೆ, ಬಲವನ್ನು ಮೈಮೇಲೆ ಹರಡುತ್ತವೆ. ದಯವಿಟ್ಟು ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಕೊಳ್ಳಿ. ಸಂವೇಗಕ್ಕೆ ಮುಂದಿನ ಸೀಟು ಹಿಂದಿನ ಸೀಟು ಎಂಬ ಭೇದ ಇಲ್ಲ.

ಪ್ರಶ್ನೆ: ಕುದುರೆ ಬಂಡೆಯನ್ನು ಎಳೆದರೆ ಬಂಡೆಯೂ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ ಅನ್ನುತ್ತಾರೆ. ಹಾಗಾದರೆ ಎರಡೂ ವಜಾ ಆಗಿ ಏನೂ ಅಲ್ಲಾಡಬಾರದು, ಅಲ್ವಾ? ಮೇಷ್ಟ್ರನ್ನು ಕೇಳಿದರೆ ಬಾಯಿಪಾಠ ಮಾಡು ಅಂದರು.

ಉತ್ತರ: ಬಾಯಿಪಾಠ ಮಾಡಬೇಡಿ. ನಿಮ್ಮ ಪ್ರಶ್ನೆ ಸರಿಯಾದ ಜಾಗದಲ್ಲೇ ಚುಚ್ಚುತ್ತಿದೆ.

ಕುದುರೆ ಮತ್ತು ಕಲ್ಲು ನ್ಯೂಟನ್ ತಾನೇ ಕೊಟ್ಟ ಉದಾಹರಣೆ. ಪ್ರತಿ ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ಮೂರನೇ ನಿಯಮದ ಕೆಳಗೆ ಎರಡು ಮಾತು ಹೇಳುತ್ತಾನೆ. ಕಲ್ಲನ್ನು ಬೆರಳಿನಿಂದ ಒತ್ತಿದರೆ ಕಲ್ಲೂ ಬೆರಳನ್ನು ಒತ್ತುತ್ತದೆ. ಹಗ್ಗ ಕಟ್ಟಿದ ಕಲ್ಲನ್ನು ಕುದುರೆ ಎಳೆದರೆ ಕುದುರೆಯೂ ಕಲ್ಲಿನ ಕಡೆಗೆ ಅಷ್ಟೇ ಎಳೆಸಿಕೊಳ್ಳುತ್ತದೆ.

ಈಗ ವಜಾ ಆಗುವ ಮಾತು. ಎರಡು ಬಲ ಒಂದನ್ನೊಂದು ಅಳಿಸಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ನಿಮ್ಮ ಖಾತೆಯಿಂದ ನೂರು ಹೋಗಿ ಪಕ್ಕದವರ ಖಾತೆಗೆ ನೂರು ಬಂದರೆ, ಇಬ್ಬರಿಗೂ ಏನೂ ಆಗಲಿಲ್ಲ ಎಂದು ಯಾರಾದರೂ ಹೇಳುತ್ತಾರಾ? ಕುದುರೆಯ ಎಳೆತ ಬೀಳುವುದು ಕಲ್ಲಿನ ಮೇಲೆ. ಕಲ್ಲಿನ ಎಳೆತ ಬೀಳುವುದು ಕುದುರೆಯ ಮೇಲೆ. ಲೆಕ್ಕ ಬೇರೆ ಬೇರೆ.

ಒಂದು ಹಾಳೆ ತೆಗೆದುಕೊಂಡು ಕಲ್ಲೊಂದನ್ನೇ ಬರೆಯಿರಿ. ಕುದುರೆ ಬೇಡ. ಕಲ್ಲಿನ ಮೇಲೆ ಅಡ್ಡಕ್ಕೆ ಬೀಳುವ ಬಲ ಎರಡು. ಹಗ್ಗ ಮುಂದಕ್ಕೆ, ನೆಲದ ಘರ್ಷಣೆ ಹಿಂದಕ್ಕೆ. ಹಗ್ಗದ ಎಳೆತ ಜಾಸ್ತಿಯಾದರೆ ಕಲ್ಲು ಹೊರಡುತ್ತದೆ. ಇನ್ನೊಂದು ಹಾಳೆಯಲ್ಲಿ ಕುದುರೆಯೊಂದನ್ನೇ ಬರೆಯಿರಿ. ಹಗ್ಗ ಅದನ್ನು ಹಿಂದಕ್ಕೆ ಎಳೆಯುತ್ತಿದೆ. ಮುಂದಕ್ಕೆ ತಳ್ಳುತ್ತಿರುವುದು ಯಾರು? ನೆಲ! ಕುದುರೆ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಕುದುರೆಯನ್ನು ಮುಂದಕ್ಕೆ ನೂಕುತ್ತದೆ. ನೆಲದ ನೂಕು ಹಗ್ಗದ ಎಳೆತಕ್ಕಿಂತ ಹೆಚ್ಚಾದರೆ ಕುದುರೆ ಮುಂದೆ ಹೋಗುತ್ತದೆ. ಅದೇ ಕುದುರೆಯನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸಿ ನೋಡಿ. ಕಾಲು ಜಾರುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ಕುದುರೆಯ ಶಕ್ತಿ ಕಡಿಮೆಯಾಗಲಿಲ್ಲ, ನೆಲ ನೂಕುವುದು ಕಡಿಮೆಯಾಯಿತು.

ಇಲ್ಲಿ ಇನ್ನೊಂದು ಗುಂಡಿ ಇದೆ, ಎಷ್ಟೋ ಪಾಠಗಳಲ್ಲಿ ಜನ ಅದಕ್ಕೆ ಬೀಳುತ್ತಾರೆ. ಮೇಜಿನ ಮೇಲಿನ ಪುಸ್ತಕವನ್ನು ಭೂಮಿ ಕೆಳಕ್ಕೆ ಸೆಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ, ಇದೇ ಕ್ರಿಯೆ ಪ್ರತಿಕ್ರಿಯೆ ಅನ್ನುತ್ತಾರೆ. ಅಲ್ಲ. ಅವೆರಡೂ ಬೀಳುವುದು ಪುಸ್ತಕದ ಮೇಲೇ. ಭೂಮಿ ಪುಸ್ತಕವನ್ನು ಸೆಳೆಯುವುದಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಸೆಳೆಯುವುದು. ಮೇಜು ಪುಸ್ತಕವನ್ನು ಒತ್ತುವುದಕ್ಕೆ ಜೋಡಿ, ಪುಸ್ತಕ ಮೇಜನ್ನು ಒತ್ತುವುದು. ಮೇಜನ್ನು ಸರಕ್ಕನೆ ತೆಗೆದುಬಿಟ್ಟರೆ ಎರಡನೇ ಜೋಡಿ ಮಾಯ, ಮೊದಲನೇ ಜೋಡಿ ಹಾಗೇ ಇರುತ್ತದೆ. ಜೋಡಿ ಸರಿಯಾಗಿದೆಯಾ ಎಂದು ನೋಡಲು ಇದು ಒಳ್ಳೆಯ ಉಪಾಯ. ನಿಜವಾದ ಜೋಡಿಯಾದರೆ ಒಂದು ಹೋದಾಗ ಇನ್ನೊಂದೂ ಹೋಗಲೇಬೇಕು.

ನ್ಯೂಟನ್ ಈ ನಿಯಮವನ್ನು ಸುಮ್ನೆ ಹೇಳಿ ಬಿಡಲಿಲ್ಲ. ಹತ್ತು ಅಡಿ ಉದ್ದದ ದಾರಗಳಿಗೆ ಗುಂಡು ಕಟ್ಟಿ ತೂಗುಬಿಟ್ಟು ಒಂದಕ್ಕೊಂದು ಡಿಕ್ಕಿ ಹೊಡೆಸಿದ. ಗಾಳಿ ಎಷ್ಟು ತಡೆಯುತ್ತದೆ ಎಂದೂ ಲೆಕ್ಕ ಹಾಕಿ ಕಳೆದ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು ಒಂದಕ್ಕೊಂದು 9 ಪಾಲು ವೇಗದಲ್ಲಿ ಹತ್ತಿರ ಬಂದರೆ ಸುಮಾರು 5 ಪಾಲು ವೇಗದಲ್ಲಿ ದೂರ ಸರಿದವು. ಗಾಜಿನ ಗುಂಡುಗಳು 16ಕ್ಕೆ ಸುಮಾರು 15. ಉಕ್ಕಿನವು ಹೆಚ್ಚುಕಡಿಮೆ ಬಂದಷ್ಟೇ ವೇಗದಲ್ಲಿ. ವಸ್ತು ಮೆತ್ತಗಿದ್ದರೂ ಗಟ್ಟಿಯಾಗಿದ್ದರೂ ಒಂದು ಕಳೆದುಕೊಂಡ ಸಂವೇಗ ಇನ್ನೊಂದಕ್ಕೆ ಸೇರಿತ್ತು. ಇಷ್ಟು ನೋಡಿದ ಮೇಲೆಯೇ ಬರೆದದ್ದು.

ಪ್ರಶ್ನೆ: ಪ್ಲೇಗ್ ಬಂದು ಕಾಲೇಜು ಮುಚ್ಚಿದಾಗ ನ್ಯೂಟನ್ ಹಳ್ಳಿಯಲ್ಲಿ ಕೂತು ಎಲ್ಲವನ್ನೂ ಕಂಡುಹಿಡಿದನಂತೆ. ಒಬ್ಬನೇ ಕೂತು ಯೋಚಿಸಿದರೆ ಅಷ್ಟೆಲ್ಲ ಸಾಧ್ಯವೇ? (ಗೃಹಿಣಿ, ವಿಜ್ಞಾನದ ಓದುಗರು)

ಉತ್ತರ: 1665ರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯ ಮುಚ್ಚಿತು. ನ್ಯೂಟನ್ ಊರಿಗೆ ಹೋದ. ನಡುವೆ ಕೆಲವು ತಿಂಗಳು ಕೇಂಬ್ರಿಜ್‌ಗೆ ಬಂದು ಹೋಗಿದ್ದು ಬಿಟ್ಟರೆ 1667ರ ಏಪ್ರಿಲ್‌ವರೆಗೆ ಅಲ್ಲೇ ಇದ್ದ. ಗಣಿತ, ಬೆಳಕು, ಚಂದ್ರನನ್ನು ಹಿಡಿದಿಟ್ಟ ಸೆಳೆತ, ಎಲ್ಲದರ ಬಗ್ಗೆಯೂ ದೊಡ್ಡ ದೊಡ್ಡ ಯೋಚನೆಗಳು ಆಗ ಬಂದವು. ಆದರೆ ಎಲ್ಲವೂ ಹಳ್ಳಿಯಲ್ಲೇ ಆಯಿತು ಅನ್ನುವುದು ಸರಿಯಲ್ಲ. ಪಾದ್ರಿಯ ನೋಟ್‌ಬುಕ್ಕಿನಲ್ಲಿ ಚಲನೆಯ ಬರಹ ಶುರುವಾದದ್ದು ಪ್ಲೇಗಿನ ರಜೆಗೆ ಮೊದಲೇ. ಮೂರು ನಿಯಮಗಳು ಒಂದು ಜಾಗದಲ್ಲಿ ಗಟ್ಟಿಯಾಗಿ ಕೂತದ್ದು 1684ರ ನಂತರ. ನಡುವಿನ ಇಷ್ಟು ವರ್ಷ ಅವನು ಬೆಳಕು, ರಸವಿದ್ಯೆ, ಧರ್ಮಶಾಸ್ತ್ರ ಅಂತ ಬೇರೆ ಬೇರೆ ಕಡೆ ಮುಳುಗಿದ್ದ. ಇತ್ತ 1668ರ ಸುಮಾರಿಗೆ ವ್ಯಾಲಿಸ್, ರೆನ್, ಹೈಗೆನ್ಸ್ ಎಂಬ ವಿದ್ವಾಂಸರು ಡಿಕ್ಕಿಯ ಲೆಕ್ಕವನ್ನು ಬಿಡಿಸಿದ್ದರು. ಆ ಮೂವರ ಹೆಸರನ್ನು ನ್ಯೂಟನ್ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ.

1684ರ ಆಗಸ್ಟಿನಲ್ಲಿ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಕೇಂಬ್ರಿಜ್‌ಗೆ ಬಂದು ಒಂದು ಪ್ರಶ್ನೆ ಕೇಳಿದ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತಾ ಹೋದರೆ ಗ್ರಹದ ದಾರಿ ಯಾವ ಆಕಾರ? ದೀರ್ಘವೃತ್ತ ಎಂದ ನ್ಯೂಟನ್, ನಾನು ಲೆಕ್ಕ ಹಾಕಿದ್ದೇನೆ ಎಂದ. ಲೆಕ್ಕದ ಹಾಳೆ ಹುಡುಕಿದರೆ ಸಿಗಲಿಲ್ಲ. ಹೊಸದಾಗಿ ಬರೆದು ನವೆಂಬರಿನಲ್ಲಿ ಕಳಿಸಿದ. ಅದು ಬೆಳೆದು ಬೆಳೆದು 1687ರ ಜುಲೈನಲ್ಲಿ ಪ್ರಿನ್ಸಿಪಿಯಾ ಆಯಿತು.

ಅಚ್ಚು ಹಾಕಿಸಲು ಮತ್ತೆ ದುಡ್ಡಿನದೇ ತಾಪತ್ರಯ. ಪುಸ್ತಕವನ್ನು ಹೊರತರಬೇಕಿದ್ದ ರಾಯಲ್ ಸೊಸೈಟಿ ಎಂಬ ಲಂಡನ್ನಿನ ವಿಜ್ಞಾನಿಗಳ ಸಂಘ ಅದಕ್ಕೆ ಸ್ವಲ್ಪ ಮೊದಲು ಫ್ರಾನ್ಸಿಸ್ ವಿಲ್ಲೊಬಿಯ ಮೀನುಗಳ ಇತಿಹಾಸ ಎಂಬ ಚಿತ್ರ ತುಂಬಿದ ಪುಸ್ತಕಕ್ಕೆ ಹಣ ಸುರಿದು ಕೈ ಖಾಲಿ ಮಾಡಿಕೊಂಡಿತ್ತು. ಮೀನಿನ ಪುಸ್ತಕ ಮಾರಾಟವಾಗಲಿಲ್ಲ. ಹ್ಯಾಲಿ ಸ್ವಂತ ಹಣ ಹಾಕಿ ಪ್ರಿನ್ಸಿಪಿಯಾ ಮುದ್ರಿಸಿದ. ಪ್ರೂಫ್ ತಿದ್ದಿದ, ಮುನಿಸಿಕೊಂಡ ನ್ಯೂಟನ್‌ಗೆ ಸಮಾಧಾನ ಹೇಳಿದ. ಹ್ಯಾಲಿಗೆ ಸೊಸೈಟಿಯಿಂದ ಬರಬೇಕಾಗಿದ್ದ 50 ಪೌಂಡ್ ಸಂಬಳದ ಬದಲು ಕೊಟ್ಟದ್ದು ಮಾರಾಟವಾಗದೆ ಉಳಿದ ಮೀನಿನ ಪುಸ್ತಕಗಳನ್ನು. ಸ್ಟೋಕ್ಸ್ ಮೇಷ್ಟ್ರು ಶಾಲೆಯಲ್ಲಿ ಮಾಡಿದ್ದನ್ನು ಹ್ಯಾಲಿ ಇಲ್ಲಿ ಮಾಡಿದ. ನೀವು ಕೇಳಿದಿರಲ್ಲ, ಒಬ್ಬನೇ ಕೂತು ಸಾಧ್ಯವೇ ಎಂದು. ಯೋಚನೆ ಒಬ್ಬನದೇ ಇರಬಹುದು. ಅದು ನಮ್ಮ ಕೈಗೆ ಬರಲು ಇಷ್ಟು ಜನ ಬೇಕಾಯಿತು.

ಪ್ರಶ್ನೆ: ಸಂಜೆ ಕೆಲಸಕ್ಕೆ ಹೋಗಿ ರಾತ್ರಿ ಓದುತ್ತೇನೆ. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಚಲನೆಯ ನಿಯಮದ ಲೆಕ್ಕ ಮಾತ್ರ ಬಿಡಿಸಲು ಆಗುವುದಿಲ್ಲ. ಇರುವುದು ಒಂದೇ ಗಂಟೆ. ಏನು ಮಾಡಲಿ? (ಪದವಿ ವಿದ್ಯಾರ್ಥಿ)

ಉತ್ತರ: ಮೊದಲು, ನಿಮ್ಮ ಕಾಲೇಜಿನ ಕಚೇರಿಗೆ ಹೋಗಿ ಯಾವ ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು ಎಂದು ಈ ವಾರವೇ ಕೇಳಿ. ಸಂಕೋಚ ಬೇಡ. ಕೊನೆಯ ದಿನಾಂಕ ದಾಟಿಹೋದರೆ ಯಾರೂ ಏನೂ ಮಾಡಲಾಗದು. ಒಬ್ಬ ಅಧ್ಯಾಪಕರಿಗಾದರೂ ನಿಮ್ಮ ಪರಿಸ್ಥಿತಿ ಹೇಳಿ.

ಇನ್ನು ಆ ಒಂದು ಗಂಟೆ. ಹತ್ತು ಲೆಕ್ಕ ಬೇಡ, ಎರಡು ಸಾಕು. ಸೂತ್ರ ಮುಟ್ಟುವ ಮೊದಲು ಚಿತ್ರ ಬರೆಯಿರಿ. ಒಂದು ಚಿತ್ರದಲ್ಲಿ ಒಂದೇ ವಸ್ತು. ಅದನ್ನು ಏನೇನು ಮುಟ್ಟುತ್ತಿದೆ ಎಂದು ಸುತ್ತ ಕಣ್ಣಾಡಿಸಿ. ಮುಟ್ಟುವ ಪ್ರತಿಯೊಂದಕ್ಕೂ ಒಂದು ಬಾಣ, ಭೂಮಿಯ ಸೆಳೆತಕ್ಕೆ ಒಂದು ಬಾಣ. ಪ್ರತಿ ಬಾಣದ ಪಕ್ಕ ಯಾರು ಯಾರ ಮೇಲೆ ಎಂದು ಬರೆಯಿರಿ. ಹಗ್ಗ ಕಲ್ಲಿನ ಮೇಲೆ, ನೆಲ ಕಲ್ಲಿನ ಮೇಲೆ, ಹೀಗೆ. ಯಾರು ಎಂದು ಬರೆಯಲು ಆಗದ ಬಾಣ ಇದ್ದರೆ ಅದನ್ನು ಅಳಿಸಿ. ಓಡುತ್ತಿರುವ ವಸ್ತುವಿಗೆ ಮುಂದಕ್ಕೆ ಒಂದು ಬಾಣ ಹಾಕುವ ಚಟ ಬಹಳ ಜನರಿಗೆ ಇದೆ, ಆ ಬಾಣಕ್ಕೆ ಯಾವತ್ತೂ ಯಜಮಾನ ಸಿಗುವುದಿಲ್ಲ. ಬಾಣಗಳು ಸರಿಯಾದ ಮೇಲೆ ದಿಕ್ಕು ಆರಿಸಿ, ಕೂಡಿಸಿ, ಕಳೆಯಿರಿ. ಲೆಕ್ಕ ಅಲ್ಲಿಗೆ ಮುಕ್ಕಾಲು ಮುಗಿದಿರುತ್ತದೆ. ಅರ್ಥವಾಗದೆ ಉಳಿದ ಪ್ರಶ್ನೆಗೆ ನೋಟ್‌ಬುಕ್ಕಿನ ಹಿಂದೆ ಜಾಗ ಮಾಡಿಕೊಳ್ಳಿ, ಉತ್ತರಕ್ಕೆ ಕೆಳಗೆ ಖಾಲಿ ಬಿಡಿ.

ನಿಮಗೂ ಉಳಿದ ಓದುಗರಿಗೂ ಒಂದು ಲೆಕ್ಕ ಕೊಡುತ್ತೇನೆ. ಇದು ನ್ಯೂಟನ್ ಮಾಡಿ ನೋಡಿದ್ದು. ಒಂದು ಪುಟ್ಟ ಪಾತ್ರೆಯಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಕಬ್ಬಿಣ. ಎರಡೂ ಪಾತ್ರೆ ಅಲ್ಲಾಡದ ನೀರಿನಲ್ಲಿ ಪಕ್ಕ ಪಕ್ಕ ತಾಗಿಕೊಂಡು ತೇಲುತ್ತಿವೆ. ಎರಡೂ ಒಂದನ್ನೊಂದು ಸೆಳೆಯುತ್ತಿವೆ, ಆದರೂ ಜೋಡಿ ಇದ್ದಲ್ಲೇ ನಿಲ್ಲುತ್ತದೆ. ಒಂದು ವೇಳೆ ಅಯಸ್ಕಾಂತ ಕಬ್ಬಿಣವನ್ನು ಸೆಳೆಯುವ ಬಲ, ಕಬ್ಬಿಣ ಅಯಸ್ಕಾಂತವನ್ನು ಸೆಳೆಯುವ ಬಲಕ್ಕಿಂತ ಜಾಸ್ತಿ ಇದ್ದಿದ್ದರೆ, ತಾಗಿಕೊಂಡ ಆ ಜೋಡಿ ಯಾವ ಕಡೆಗೆ ಹೊರಡುತ್ತಿತ್ತು? ಹೊರಟ ಮೇಲೆ ಅದರ ವೇಗ ಏನಾಗುತ್ತಿತ್ತು? ಒಂದೊಂದು ಪಾತ್ರೆಗೆ ಒಂದೊಂದು ಚಿತ್ರ ಬರೆದು ಕಳಿಸಿ. ಚಿತ್ರ ಇಲ್ಲದ ಉತ್ತರವನ್ನು ನಾನು ನೋಡುವುದಿಲ್ಲ.